ಕಿಂಡಿ ಒಂದೇ, ಕೆಲಸ ಹತ್ತು: ಲ್ಯಾಪ್‌ಟಾಪ್ ಹಬ್ ಕೊಳ್ಳುವ ಮುನ್ನ ಅರಿಯಬೇಕಾದ ಸಂಗತಿಗಳು

ಬೈಯಪ್ಪನಹಳ್ಳಿ: ಒಂದು ಕಾಲಕ್ಕೆ ಟ್ರಾನ್ಸ್‌ಫಾರ್ಮರ್ ಹಾಗೂ ವಿದ್ಯುತ್ ಮೋಟಾರುಗಳನ್ನು ತಯಾರಿಸುತ್ತಿದ್ದ ಎನ್‌ಜಿಇಎಫ್ ಕಾರ್ಖಾನೆಯಿಂದ ಹೆಸರಾಗಿದ್ದ ಬೈಯಪ್ಪನಹಳ್ಳಿಯ ಗುರುತು ಇಂದು ಬದಲಾಗಿದೆ. ಬೆಳಗಿನ ಹೊತ್ತು ಇಲ್ಲಿನ ಮೆಟ್ರೊ ನಿಲ್ದಾಣದಲ್ಲಿ ವೈಟ್‌ಫೀಲ್ಡ್ ಕಡೆಗೂ ಮಹಾತ್ಮ ಗಾಂಧಿ ರಸ್ತೆಯ ಕಡೆಗೂ ಹೊರಟು ನಿಂತ ಅನೇಕರ ಬೆನ್ನ ಮೇಲೆ ಲ್ಯಾಪ್‌ಟಾಪ್ ಚೀಲ ಇರುತ್ತದೆ. ಆ ಚೀಲದೊಳಗಿನ ಯಂತ್ರ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ. ಯಂತ್ರ ತೆಳುವಾದಂತೆ ಅದರ ಅಂಚಿನಲ್ಲಿದ್ದ ಪೋರ್ಟ್‌ಗಳೆಂಬ ಕಿಂಡಿಗಳೂ ಒಂದೊಂದಾಗಿ ಮಾಯವಾಗುತ್ತಿವೆ. ಪೆನ್‌ಡ್ರೈವ್, ಪ್ರೊಜೆಕ್ಟರ್, ನೆಟ್‌ವರ್ಕ್ ಕೇಬಲ್, ಕ್ಯಾಮೆರಾ ಕಾರ್ಡ್, ಚಾರ್ಜರ್ ಎಲ್ಲಕ್ಕೂ ಉಳಿದಿರುವುದು ಒಂದೋ ಎರಡೋ ಅಂಡಾಕಾರದ ಯುಎಸ್‌ಬಿ-ಸಿ ಕಿಂಡಿಗಳು ಮಾತ್ರ.

ಈ ಕೊರತೆಯನ್ನು ತುಂಬಲೆಂದೇ ಮಾರುಕಟ್ಟೆಗೆ ಬಂದಿರುವ ವಸ್ತು ಮಲ್ಟಿಪೋರ್ಟ್ ಹಬ್. ಒಂದು ಕಿಂಡಿಯನ್ನು ಹಲವು ಕಿಂಡಿಗಳಾಗಿ ಕವಲೊಡೆಸುವ ಅಂಗೈಯಗಲದ ಪೆಟ್ಟಿಗೆ ಇದು. ಕೆಲವು ನೂರು ರೂಪಾಯಿಗಳಿಂದ ಹಿಡಿದು ಇಪ್ಪತ್ತು ಸಾವಿರ ರೂಪಾಯಿ ದಾಟುವವರೆಗೆ ಇದರ ಬೆಲೆ ಚಾಚಿಕೊಂಡಿದೆ. ನೋಡಲು ಎಲ್ಲವೂ ಹೆಚ್ಚುಕಡಿಮೆ ಒಂದೇ. ಆದರೆ ಮನೆಗೆ ತಂದು ಜೋಡಿಸಿದಾಗ ಪರದೆಯಲ್ಲಿ ಚಿತ್ರವೇ ಮೂಡದಿರಬಹುದು, ಲ್ಯಾಪ್‌ಟಾಪ್ ಚಾರ್ಜ್ ಆಗದಿರಬಹುದು, ಹಾರ್ಡ್‌ಡಿಸ್ಕ್ ನಡುವೆ ಕಡಿದುಕೊಂಡು ಅದರಲ್ಲಿದ್ದ ಮಾಹಿತಿಯೇ ಕೆಡಬಹುದು. ಇಂತಹ ಸಂದರ್ಭಗಳಲ್ಲಿ ಹಬ್ ಕಳಪೆಯೆಂದು ಗ್ರಾಹಕ ಭಾವಿಸುವುದು ಸಹಜ. ವಾಸ್ತವದಲ್ಲಿ ಅನೇಕ ಸಲ ದೋಷ ಹಬ್‌ನದ್ದಲ್ಲ. ಯಂತ್ರಕ್ಕೂ ಹಬ್‌ಗೂ ಹೊಂದಾಣಿಕೆ ಇಲ್ಲದಿರುವುದೇ ಕಾರಣ. ಆದಕಾರಣ ಹಬ್‌ನ ಆಯ್ಕೆ ಅಂಗಡಿಯಲ್ಲಿ ಆರಂಭವಾಗುವುದಿಲ್ಲ, ಕೈಯಲ್ಲಿರುವ ಲ್ಯಾಪ್‌ಟಾಪಿನಿಂದ ಆರಂಭವಾಗುತ್ತದೆ ಎಂಬುದೇ ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿ.

ಮೂರು ಹೆಸರು, ಮೂರು ವಸ್ತು

ಅಂಗಡಿಗಳಲ್ಲಿ ಅಡಾಪ್ಟರ್, ಹಬ್, ಡಾಕ್ ಎಂಬ ಮೂರು ಪದಗಳು ಒಂದರ ಬದಲಿಗೆ ಇನ್ನೊಂದಾಗಿ ಬಳಕೆಯಾಗುತ್ತವೆ. ಇವುಗಳ ನಡುವೆ ವ್ಯತ್ಯಾಸವಿದೆ. ಒಂದು ಬಗೆಯ ಪೋರ್ಟನ್ನು ಇನ್ನೊಂದು ಬಗೆಗೆ ಬದಲಿಸುವುದಷ್ಟೇ ಅಡಾಪ್ಟರ್‌ನ ಕೆಲಸ. ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಕೇಬಲ್ ಇದಕ್ಕೆ ಉದಾಹರಣೆ. ಹಬ್ ಒಂದು ಪೋರ್ಟನ್ನು ಹಲವಾಗಿ ಹಂಚುತ್ತದೆ, ಸಾಮಾನ್ಯವಾಗಿ ಲ್ಯಾಪ್‌ಟಾಪಿನಿಂದಲೇ ವಿದ್ಯುತ್ ಪಡೆಯುತ್ತದೆ, ಚೀಲದಲ್ಲಿ ಒಯ್ಯುವಂಥದ್ದು. ಡಾಕ್ ಮೇಜಿನ ಮೇಲೆ ಕಾಯಂ ಆಗಿ ಇರುವ ಸಾಧನ. ಅದಕ್ಕೆ ಬಹುತೇಕ ತನ್ನದೇ ಆದ ವಿದ್ಯುತ್ ಅಡಾಪ್ಟರ್ ಇರುತ್ತದೆ. ಒಂದೇ ಕೇಬಲ್ ಮೂಲಕ ಲ್ಯಾಪ್‌ಟಾಪನ್ನು ಚಾರ್ಜ್ ಮಾಡುತ್ತ ಎರಡು ಪರದೆಗಳನ್ನೂ ನಡೆಸುವ ಸಾಮರ್ಥ್ಯ ಉತ್ತಮ ಡಾಕ್‌ಗಳಿಗಿದೆ.

ಹಬ್‌ಗೆ ಎಷ್ಟೇ ಕಿಂಡಿಗಳಿದ್ದರೂ ಅವೆಲ್ಲವೂ ಲ್ಯಾಪ್‌ಟಾಪನ್ನು ತಲಪುವುದು ಒಂದೇ ತಂತಿಯ ಮೂಲಕ ಎಂಬುದನ್ನು ಮರೆಯಬಾರದು. ಈ ಭಾಗದ ಮೆಟ್ರೊ ಪ್ರಯಾಣಿಕರಿಗೆ ಇದರ ಅರ್ಥ ಸುಲಭವಾಗಿ ಹೊಳೆದೀತು. 2011ರ ಅಕ್ಟೋಬರ್ 20ರಂದು ಮಹಾತ್ಮ ಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗೆ ನಗರದ ಮೊದಲ ಮೆಟ್ರೊ ಓಡಿತು. 2023ರ ಮಾರ್ಚ್ 25ರಂದು ಕೆ.ಆರ್. ಪುರ-ವೈಟ್‌ಫೀಲ್ಡ್ ಮಾರ್ಗ ಉದ್ಘಾಟನೆಯಾಯಿತು. ಆದರೆ ನಡುವಿನ ಬೈಯಪ್ಪನಹಳ್ಳಿ-ಕೆ.ಆರ್. ಪುರ ತುಣುಕು ಅದೇ ವರ್ಷದ ಅಕ್ಟೋಬರ್ 9ರವರೆಗೆ ತೆರೆದಿರಲಿಲ್ಲ. ಆ ತಿಂಗಳುಗಳಲ್ಲಿ ಎರಡೂ ಬದಿಯ ರೈಲುಗಳು ಎಷ್ಟೇ ವೇಗವಾಗಿ ಓಡಿದರೂ ಪ್ರಯಾಣದ ಅವಧಿಯನ್ನು ನಿರ್ಧರಿಸುತ್ತಿದ್ದುದು ನಡುವಿನ ಬಸ್ಸು ಹಾಗೂ ಹಳೆ ಮದ್ರಾಸು ರಸ್ತೆಯ ದಟ್ಟಣೆ. ಹಬ್‌ನ ಸಂಗತಿಯೂ ಹೀಗೆಯೇ. ವೇಗದ ಹಾರ್ಡ್‌ಡಿಸ್ಕ್, ಒಳ್ಳೆಯ ಲ್ಯಾಪ್‌ಟಾಪ್ ಎರಡೂ ಇದ್ದು ನಡುವಿನ ಹಬ್ ನಿಧಾನದ್ದಾದರೆ ಒಟ್ಟು ವೇಗ ಹಬ್‌ನ ವೇಗವಷ್ಟೇ.

ಆಕಾರ ಒಂದೇ, ಸಾಮರ್ಥ್ಯ ಬೇರೆ

ಬಗೆಬಗೆಯ ಪೋರ್ಟ್‌ಗಳ ಗೊಂದಲವನ್ನು ನಿವಾರಿಸಲು ಹುಟ್ಟಿದ್ದೇ ಯುಎಸ್‌ಬಿ. ಇಂಟೆಲ್ ಸಂಸ್ಥೆಯಲ್ಲಿ ಭಾರತೀಯ ಮೂಲದ ಅಜಯ್ ಭಟ್ ಮತ್ತು ಅವರ ಸಂಗಡಿಗರು ಇದರ ರೂಪಕಲ್ಪನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ಮೊದಲ ಆವೃತ್ತಿ 1996ರಲ್ಲಿ ಪ್ರಕಟವಾಯಿತು. ಹೇಗೆ ತಿರುಗಿಸಿ ಚುಚ್ಚಿದರೂ ಕೂರುವ ಟೈಪ್-ಸಿ ವಿನ್ಯಾಸ 2014ರಲ್ಲಿ ಬಂತು. ಮರುವರ್ಷವೇ ಆ್ಯಪಲ್ ಸಂಸ್ಥೆ ಇಂತಹ ಒಂದೇ ಒಂದು ಪೋರ್ಟ್ ಇದ್ದ ಮ್ಯಾಕ್‌ಬುಕ್ ಬಿಡುಗಡೆ ಮಾಡಿತು. ಹಬ್‌ಗಳಿಗೆ ದೊಡ್ಡ ಮಾರುಕಟ್ಟೆ ತೆರೆದುಕೊಂಡದ್ದು ಆ ಬಳಿಕವೇ.

ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಮೊಬೈಲ್, ಟ್ಯಾಬ್ಲೆಟ್ ಮೊದಲಾದವುಗಳಿಗೆ ಟೈಪ್-ಸಿ ಚಾರ್ಜಿಂಗ್ ಕಡ್ಡಾಯಗೊಳಿಸಿತು. ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರ ಗಡುವನ್ನು ನಿಗದಿಪಡಿಸಿತು. ಭಾರತೀಯ ಮಾನಕ ಸಂಸ್ಥೆಯೂ 2023ರ ಜನವರಿಯಲ್ಲಿ ಟೈಪ್-ಸಿ ಕುರಿತ ಮಾನಕವನ್ನು ಪ್ರಕಟಿಸಿದೆ. ಇವೆಲ್ಲವೂ ಸ್ವಾಗತಾರ್ಹ ಕ್ರಮಗಳೇ. ಆದರೆ ಆಕಾರ ಒಂದಾದ ಮಾತ್ರಕ್ಕೆ ಸಾಮರ್ಥ್ಯ ಒಂದಾಗುವುದಿಲ್ಲ. ಒಂದು ಟೈಪ್-ಸಿ ಪೋರ್ಟ್ ಮೂರು ಬಗೆಯ ಕೆಲಸ ಮಾಡಬಲ್ಲದು: ಮಾಹಿತಿ ಸಾಗಿಸುವುದು, ವಿದ್ಯುತ್ ಪಡೆಯುವುದು ಅಥವಾ ಕೊಡುವುದು, ಪರದೆಗೆ ಚಿತ್ರ ಕಳುಹಿಸುವುದು. ಕಡಿಮೆ ಬೆಲೆಯ ಹಲವು ಲ್ಯಾಪ್‌ಟಾಪ್‌ಗಳ ಟೈಪ್-ಸಿ ಪೋರ್ಟ್ ಮಾಹಿತಿಯನ್ನಷ್ಟೇ ಸಾಗಿಸುತ್ತದೆ. ಅಂತಹ ಯಂತ್ರಕ್ಕೆ ಎಚ್‌ಡಿಎಂಐ ಇರುವ ಹಬ್ ಜೋಡಿಸಿದರೆ ಪೆನ್‌ಡ್ರೈವ್ ಕೆಲಸ ಮಾಡೀತು, ಪರದೆ ಮಾತ್ರ ಕಪ್ಪಾಗಿಯೇ ಉಳಿದೀತು. ಇಲ್ಲದ ಚಿತ್ರಸಂಕೇತವನ್ನು ಸಾಮಾನ್ಯ ಹಬ್ ಸೃಷ್ಟಿಸಲಾರದು.

ಮೊದಲ ಪರೀಕ್ಷೆ ಮನೆಯಲ್ಲೇ

ಹಬ್ ಕೊಳ್ಳುವ ಮುನ್ನ ಲ್ಯಾಪ್‌ಟಾಪಿನ ಪೋರ್ಟ್ ಪಕ್ಕದಲ್ಲಿರುವ ಚಿಹ್ನೆಯನ್ನು ಗಮನಿಸಬೇಕು. ಮಿಂಚಿನ ಬಾಣದ ಗುರುತು ಸಾಮಾನ್ಯವಾಗಿ ಥಂಡರ್‌ಬೋಲ್ಟ್ ಸೌಲಭ್ಯದ ಸೂಚನೆ. ಇಂತಹ ಪೋರ್ಟ್ ಮಾಹಿತಿ, ಚಿತ್ರ ಎರಡನ್ನೂ ಅತಿ ವೇಗದಲ್ಲಿ ಸಾಗಿಸುತ್ತದೆ. ಇಂಗ್ಲಿಷಿನ ಡಿ ಮತ್ತು ಪಿ ಅಕ್ಷರಗಳು ಬೆಸೆದಂತಿರುವ ಗುರುತು ಡಿಸ್‌ಪ್ಲೇಪೋರ್ಟ್ ಸೌಲಭ್ಯವನ್ನು, ಅರ್ಥಾತ್ ಪರದೆಗೆ ಚಿತ್ರ ಕಳುಹಿಸುವ ಶಕ್ತಿಯನ್ನು ಸೂಚಿಸುತ್ತದೆ. ಪ್ಲಗ್ ಅಥವಾ ಬ್ಯಾಟರಿಯ ಚಿತ್ರ ಸಾಮಾನ್ಯವಾಗಿ ವಿದ್ಯುತ್ತಿಗೆ ಸಂಬಂಧಿಸಿದ್ದು. ಬರಿಯ ತ್ರಿಶೂಲದಂತಹ ಯುಎಸ್‌ಬಿ ಗುರುತು ಮಾತ್ರ ಇದ್ದರೆ ಅದು ಮಾಹಿತಿ ಸಾಗಣೆಗಷ್ಟೇ ಸೀಮಿತವಾಗಿರುವ ಸಾಧ್ಯತೆ ಹೆಚ್ಚು.

ಚಿಹ್ನೆಗಳನ್ನು ಮುದ್ರಿಸದ ತಯಾರಕರೂ ಇದ್ದಾರೆ. ಆದ್ದರಿಂದ ಲ್ಯಾಪ್‌ಟಾಪಿನ ತಳಭಾಗದಲ್ಲಿರುವ ಪೂರ್ಣ ಮಾದರಿ ಸಂಖ್ಯೆಯನ್ನು ಬರೆದುಕೊಂಡು, ತಯಾರಕರ ಅಧಿಕೃತ ತಾಣದಲ್ಲಿ ಆ ಮಾದರಿಯ ವಿವರಪಟ್ಟಿಯನ್ನು ಪರಿಶೀಲಿಸುವುದು ಖಚಿತವಾದ ಮಾರ್ಗ. ಅಲ್ಲಿ 'ಡಿಸ್‌ಪ್ಲೇಪೋರ್ಟ್' ಮತ್ತು 'ಪವರ್ ಡೆಲಿವರಿ' ಎಂಬ ಎರಡು ಪದಗಳನ್ನು ಹುಡುಕಬೇಕು. ಮೊದಲನೆಯದು ಇಲ್ಲದಿದ್ದರೆ ಎಚ್‌ಡಿಎಂಐ ಹಬ್‌ಗೆ ಹಣ ತೆರುವುದು ವ್ಯರ್ಥ. ಎರಡನೆಯದು ಇಲ್ಲದಿದ್ದರೆ ಹಬ್ ಮೂಲಕ ಚಾರ್ಜ್ ಮಾಡುವ ಆಸೆಯನ್ನು ಬಿಡಬೇಕು. ಒಂದೇ ಲ್ಯಾಪ್‌ಟಾಪಿನ ಎರಡು ಟೈಪ್-ಸಿ ಪೋರ್ಟ್‌ಗಳ ಸಾಮರ್ಥ್ಯ ಬೇರೆ ಬೇರೆಯಾಗಿರುವುದೂ ಉಂಟು.

ವಿದ್ಯುತ್ತಿನ ಲೆಕ್ಕ

ಹಬ್‌ನ ಪೆಟ್ಟಿಗೆಯ ಮೇಲೆ '100 ವ್ಯಾಟ್' ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಹಬ್ ತಾನೇ 100 ವ್ಯಾಟ್ ವಿದ್ಯುತ್ ಕೊಡುತ್ತದೆ ಎಂಬುದು ಇದರ ಅರ್ಥವಲ್ಲ. 100 ವ್ಯಾಟ್‌ವರೆಗಿನ ಚಾರ್ಜರನ್ನು ಅದಕ್ಕೆ ಜೋಡಿಸಬಹುದು ಎಂದಷ್ಟೇ ಅರ್ಥ. ಚಾರ್ಜರನ್ನು ಗ್ರಾಹಕರೇ ಒದಗಿಸಬೇಕು. ಬಂದ ವಿದ್ಯುತ್ತಿನಲ್ಲಿ ಒಂದು ಪಾಲನ್ನು ಹಬ್ ತನಗೂ ತನಗೆ ಜೋಡಿಸಿದ ಸಾಧನಗಳಿಗೂ ತೆಗೆದಿಟ್ಟುಕೊಳ್ಳುತ್ತದೆ. ಈ ಪಾಲು ಹಲವು ಹಬ್‌ಗಳಲ್ಲಿ 15 ವ್ಯಾಟ್ ಆಸುಪಾಸಿನಲ್ಲಿರುತ್ತದೆ. ಹಾಗಾಗಿ 65 ವ್ಯಾಟ್ ಚಾರ್ಜರ್ ಜೋಡಿಸಿದರೆ ಲ್ಯಾಪ್‌ಟಾಪಿಗೆ ಸಿಗುವುದು ಸುಮಾರು 50 ವ್ಯಾಟ್. ಬರವಣಿಗೆ, ಮಿಂಚಂಚೆಯಂತಹ ಕೆಲಸಗಳಿಗೆ ಇದು ಸಾಕು. ವಿಡಿಯೋ ಸಂಕಲನದಂತಹ ಭಾರದ ಕೆಲಸ ಮಾಡುವಾಗ ಚಾರ್ಜರ್ ಚುಚ್ಚಿದ್ದರೂ ಬ್ಯಾಟರಿ ನಿಧಾನವಾಗಿ ಇಳಿಯುತ್ತ ಹೋಗಬಹುದು.

ಕೇಬಲ್‌ನ ಪಾತ್ರವೂ ಇಲ್ಲಿ ಮಹತ್ವದ್ದು. ಸಾಮಾನ್ಯ ಟೈಪ್-ಸಿ ಕೇಬಲ್ 3 ಆಂಪಿಯರ್‌ವರೆಗೆ, ಅಂದರೆ 20 ವೋಲ್ಟ್‌ನಲ್ಲಿ 60 ವ್ಯಾಟ್‌ವರೆಗೆ ಮಾತ್ರ ಸಾಗಿಸುತ್ತದೆ. ಅದಕ್ಕಿಂತ ಹೆಚ್ಚಿನ ಶಕ್ತಿಗೆ ತನ್ನ ಸಾಮರ್ಥ್ಯವನ್ನು ತಿಳಿಸುವ ಚಿಪ್ ಇರುವ, 5 ಆಂಪಿಯರ್ ಕೇಬಲ್ ಬೇಕು. 2021ರಲ್ಲಿ ಪ್ರಕಟವಾದ ಪವರ್ ಡೆಲಿವರಿ 3.1 ಆವೃತ್ತಿ 240 ವ್ಯಾಟ್‌ವರೆಗೆ ಅವಕಾಶ ನೀಡಿದೆ. ಪ್ರಮಾಣೀಕೃತ ಕೇಬಲ್‌ಗಳ ಮೇಲೆ 60 ಅಥವಾ 240 ವ್ಯಾಟ್ ಎಂಬ ಮುದ್ರೆ ಇರುತ್ತದೆ.

ಚಾರ್ಜರ್ ಇಲ್ಲದೆ ಬಳಸುವಾಗ ಹಬ್ ಲ್ಯಾಪ್‌ಟಾಪಿನಿಂದಲೇ ವಿದ್ಯುತ್ ಎರವಲು ಪಡೆಯುತ್ತದೆ. ಸಾಮಾನ್ಯ ಟೈಪ್-ಸಿ ಪೋರ್ಟ್ ಕೊಡಬಲ್ಲದ್ದು 5 ವೋಲ್ಟ್‌ನಲ್ಲಿ ಗರಿಷ್ಠ 15 ವ್ಯಾಟ್. ಎಷ್ಟೋ ಯಂತ್ರಗಳು ಅದರ ಅರ್ಧದಷ್ಟನ್ನೇ ಕೊಡುತ್ತವೆ. ಕೀಲಿಮಣೆ, ಮೌಸ್, ಪೆನ್‌ಡ್ರೈವ್‌ಗಳಿಗೆ ತೊಂದರೆಯಿಲ್ಲ. ತಿರುಗುವ ತಟ್ಟೆಯ ಎರಡು ಹಾರ್ಡ್‌ಡಿಸ್ಕ್‌ಗಳನ್ನು ಒಟ್ಟಿಗೆ ಜೋಡಿಸಿದರೆ ವಿದ್ಯುತ್ ಸಾಲದೆ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ಸಂಪರ್ಕ ಕಳೆದುಕೊಳ್ಳುತ್ತದೆ. ಇದನ್ನು ಡಿಸ್ಕ್‌ನ ದೋಷವೆಂದು ತಪ್ಪಾಗಿ ತಿಳಿಯುವವರು ಬಹಳ.

ಕರೆಂಟ್ ಹೋದಾಗ ಆಗುವುದೇನು?

ವಿದ್ಯುತ್ ವ್ಯತ್ಯಯ ನಮ್ಮ ನಗರಕ್ಕೆ ಹೊಸದಲ್ಲ. ಬೇಸಿಗೆಯ ಮೊದಲ ಮಳೆಗೆ ಮರದ ಕೊಂಬೆ ಮುರಿದರೂ ಸಾಕು, ಬಡಾವಣೆಯೇ ಕತ್ತಲಲ್ಲಿ ಮುಳುಗುತ್ತದೆ. ಬ್ಯಾಟರಿ ಇರುವ ಕಾರಣ ಲ್ಯಾಪ್‌ಟಾಪಿಗೆ ಇದರಿಂದ ಅಪಾಯವಿಲ್ಲ ಎಂದು ಎಲ್ಲರೂ ನಂಬಿರುತ್ತಾರೆ. ಹಬ್ ಬಳಸುವವರ ವಿಷಯದಲ್ಲಿ ಈ ನಂಬಿಕೆ ಪೂರ್ತಿ ಸರಿಯಲ್ಲ.

ಚಾರ್ಜರ್ ಜೋಡಿಸಿರುವಾಗ ವಿದ್ಯುತ್ ಹಬ್‌ನಿಂದ ಲ್ಯಾಪ್‌ಟಾಪ್ ಕಡೆಗೆ ಹರಿಯುತ್ತಿರುತ್ತದೆ. ಹಬ್‌ಗೆ ಜೋಡಿಸಿದ ಹಾರ್ಡ್‌ಡಿಸ್ಕ್ ಕೂಡ ಚಾರ್ಜರ್‌ನ ವಿದ್ಯುತ್ತಿನಲ್ಲೇ ನಡೆಯುತ್ತಿರುತ್ತದೆ. ಕರೆಂಟ್ ಹೋದ ಕ್ಷಣ ಈ ಹರಿವು ತಿರುವುಮುರುವಾಗಬೇಕು. ಈಗ ಲ್ಯಾಪ್‌ಟಾಪ್ ಹಬ್‌ಗೆ ವಿದ್ಯುತ್ ಕೊಡಬೇಕು. ಈ ಪಾತ್ರ ಬದಲಾವಣೆ ಕಣ್ಣೆವೆಯಿಕ್ಕುವುದರೊಳಗೆ ನಡೆಯದಿದ್ದರೆ ಹಬ್ ಒಂದು ಕ್ಷಣ ಸತ್ತು ಮತ್ತೆ ಬದುಕುತ್ತದೆ. ಪರದೆ ಆರಿ ಹತ್ತುತ್ತದೆ, ನೆಟ್‌ವರ್ಕ್ ಕಡಿದು ಸೇರುತ್ತದೆ. ಇವಿಷ್ಟೂ ಸಹಿಸಬಹುದಾದ ತೊಂದರೆಗಳು. ಅದೇ ಹೊತ್ತಿಗೆ ಹಾರ್ಡ್‌ಡಿಸ್ಕ್‌ಗೆ ಕಡತ ನಕಲಾಗುತ್ತಿದ್ದರೆ ಆ ಕಡತವಷ್ಟೇ ಅಲ್ಲ, ಡಿಸ್ಕ್‌ನ ಪರಿವಿಡಿಯೇ ಹಾಳಾಗಿ ಉಳಿದ ಕಡತಗಳೂ ಸಿಗದೆ ಹೋಗುವ ಸಂಭವವಿದೆ. ಸಂಶೋಧನಾ ಪ್ರಬಂಧ, ಮದುವೆಯ ಚಿತ್ರಗಳು, ಅಂಗಡಿಯ ವರ್ಷದ ಲೆಕ್ಕಪತ್ರ ಯಾವುದೇ ಇರಲಿ, ಕಳೆದುಕೊಂಡ ಮೇಲೆ ಅದರ ಬೆಲೆ ಹಬ್‌ನ ಬೆಲೆಯ ಮುಂದೆ ಲೆಕ್ಕಕ್ಕೆ ಸಿಗುವುದಿಲ್ಲ.

ಇದಕ್ಕೆ ಪರಿಹಾರಗಳಿವೆ. ಪವರ್ ಡೆಲಿವರಿಯ 3.0 ಆವೃತ್ತಿಯಲ್ಲಿ 'ಫಾಸ್ಟ್ ರೋಲ್ ಸ್ವಾಪ್' ಎಂಬ ಸೌಲಭ್ಯವನ್ನು ಸೇರಿಸಲಾಗಿದೆ. ಹಬ್ ಮತ್ತು ಲ್ಯಾಪ್‌ಟಾಪ್ ಎರಡರಲ್ಲೂ ಇದು ಇದ್ದರೆ ವಿದ್ಯುತ್ ಹೋದರೂ ಸಾಧನಗಳು ಕಡಿದುಕೊಳ್ಳುವುದಿಲ್ಲ. ಕೆಲವು ತಯಾರಕರು ಇದನ್ನು ವಿವರಪಟ್ಟಿಯಲ್ಲಿ ನಮೂದಿಸುತ್ತಾರೆ, ಹಲವರು ನಮೂದಿಸುವುದಿಲ್ಲ. ಪರೀಕ್ಷೆ ಮಾತ್ರ ಸುಲಭ. ಕಳೆದುಹೋದರೂ ಚಿಂತೆಯಿಲ್ಲದ ಕಡತಗಳಿರುವ ಪೆನ್‌ಡ್ರೈವನ್ನು ಹಬ್‌ಗೆ ಜೋಡಿಸಿ, ಅದರಲ್ಲಿರುವ ವಿಡಿಯೋ ಓಡುತ್ತಿರುವಾಗ ಚಾರ್ಜರ್‌ನ ಸ್ವಿಚ್ ಆರಿಸಿ ನೋಡಬೇಕು. ವಿಡಿಯೋ ನಿಂತು, ಪೆನ್‌ಡ್ರೈವ್ ಮಾಯವಾಗಿ ಮತ್ತೆ ಕಾಣಿಸಿಕೊಂಡರೆ ಆ ಹಬ್‌ನಲ್ಲಿ ಹಾರ್ಡ್‌ಡಿಸ್ಕ್ ಬಳಸುವಾಗ ಎಚ್ಚರ ಅಗತ್ಯ. ಅಂತಹವರು ಮುಖ್ಯ ಡಿಸ್ಕನ್ನು ಲ್ಯಾಪ್‌ಟಾಪಿಗೇ ನೇರವಾಗಿ ಜೋಡಿಸುವುದು, ಅಥವಾ ನಕಲು ಮುಗಿಯುವವರೆಗೆ ಚಾರ್ಜರನ್ನು ಹಬ್‌ನ ಬದಲು ಲ್ಯಾಪ್‌ಟಾಪಿನ ಇನ್ನೊಂದು ಪೋರ್ಟ್‌ಗೆ ಚುಚ್ಚುವುದು ಲೇಸು. ಮನೆಯಲ್ಲಿ ಇನ್ವರ್ಟರ್ ಇದ್ದು ಅದರಲ್ಲಿ ಯುಪಿಎಸ್ ಸ್ಥಿತಿಯ ಗುಂಡಿ ಇದ್ದರೆ ಅದನ್ನು ಆ ಸ್ಥಿತಿಗೆ ಇರಿಸಿದಾಗ ಬದಲಾವಣೆ ತ್ವರಿತವಾಗಿ ಆಗುತ್ತದೆ.

ಪರದೆಯ ಪ್ರಶ್ನೆ

ಎಚ್‌ಡಿಎಂಐ ಪೋರ್ಟ್ ಇರುವ ಹಬ್ ಕೊಳ್ಳುವವರು '4ಕೆ' ಎಂಬ ಪದದ ಜತೆಗಿರುವ ಸಣ್ಣ ಅಂಕಿಯನ್ನು ಓದಬೇಕು. '4ಕೆ 30 ಹರ್ಟ್ಸ್' ಎಂದರೆ ಪರದೆ ಕ್ಷಣಕ್ಕೆ 30 ಸಲ ಮಾತ್ರ ಹೊಸದಾಗುತ್ತದೆ. ಚಲನಚಿತ್ರ ನೋಡಲು ಇದು ಸಾಕು. ದಿನವಿಡೀ ಕುಳಿತು ಕೆಲಸ ಮಾಡುವವರಿಗೆ ಮೌಸ್‌ನ ಬಾಣ ತಡೆತಡೆದು ಚಲಿಸಿದಂತೆ ಭಾಸವಾಗಿ ಕಿರಿಕಿರಿಯಾಗುತ್ತದೆ. 4ಕೆ ಪರದೆ ಉಳ್ಳವರು '60 ಹರ್ಟ್ಸ್' ಎಂದು ನಮೂದಾಗಿರುವ ಹಬ್‌ಗೆ ಹೆಚ್ಚಿನ ಹಣ ತೆರುವುದು ಸಾರ್ಥಕ. ಸಾಮಾನ್ಯ ಫುಲ್ ಎಚ್‌ಡಿ ಪರದೆ ಇರುವವರಿಗೆ ಈ ವೆಚ್ಚ ಅನಗತ್ಯ. ಅಗ್ಗದ ಹಬ್ ಕೂಡ ಅದನ್ನು 60 ಹರ್ಟ್ಸ್‌ನಲ್ಲಿ ನಡೆಸುತ್ತದೆ.

ಈ ವ್ಯತ್ಯಾಸಕ್ಕೆ ಕಾರಣವಿದೆ. ಟೈಪ್-ಸಿ ತಂತಿಯೊಳಗೆ ಅತಿ ವೇಗದ ನಾಲ್ಕು ಪಥಗಳಿರುತ್ತವೆ. ಹಬ್ ಸಾಮಾನ್ಯವಾಗಿ ಎರಡನ್ನು ಚಿತ್ರಕ್ಕೂ ಎರಡನ್ನು ಮಾಹಿತಿಗೂ ಹಂಚುತ್ತದೆ. ಹಳೆಯ ಡಿಸ್‌ಪ್ಲೇಪೋರ್ಟ್ 1.2 ಆವೃತ್ತಿಯ ಯಂತ್ರಗಳಲ್ಲಿ ಎರಡು ಪಥಗಳ ಮೇಲೆ 4ಕೆ ಚಿತ್ರ 30 ಹರ್ಟ್ಸ್‌ಗೆ ಮಾತ್ರ ಸಾಧ್ಯ. ನಾಲ್ಕೂ ಪಥಗಳನ್ನು ಚಿತ್ರಕ್ಕೇ ಕೊಟ್ಟು 60 ಹರ್ಟ್ಸ್ ಸಾಧಿಸುವ ಹಬ್‌ಗಳೂ ಇವೆ. ಅವುಗಳಲ್ಲಿ ಯುಎಸ್‌ಬಿ ವೇಗ ಹಳೆಯ 480 ಮೆಗಾಬಿಟ್‌ಗೆ ಇಳಿಯುತ್ತದೆ. ಡಿಸ್‌ಪ್ಲೇಪೋರ್ಟ್ 1.4 ಇರುವ ಲ್ಯಾಪ್‌ಟಾಪ್ ಹಾಗೂ ಹಬ್ ಎರಡೂ ಇದ್ದರೆ 60 ಹರ್ಟ್ಸ್ ಚಿತ್ರ, ವೇಗದ ಮಾಹಿತಿ ಎರಡೂ ಒಟ್ಟಿಗೆ ಲಭ್ಯ.

ಎರಡು ಎಚ್‌ಡಿಎಂಐ ಪೋರ್ಟ್‌ಗಳಿರುವ ಹಬ್‌ಗಳ ಬಗ್ಗೆ ವಿಶೇಷ ಎಚ್ಚರ ಬೇಕು. ವಿಂಡೋಸ್ ಯಂತ್ರಗಳಲ್ಲಿ ಇವು ಬಹುತೇಕ ಎರಡು ಬೇರೆ ಬೇರೆ ಪರದೆಗಳನ್ನು ನಡೆಸುತ್ತವೆ. ಮ್ಯಾಕ್‌ಬುಕ್‌ಗಳಲ್ಲಿ ಎರಡರಲ್ಲೂ ಒಂದೇ ಚಿತ್ರ ಮೂಡುತ್ತದೆ, ಏಕೆಂದರೆ ಒಂದೇ ಸಂಕೇತವನ್ನು ಹಲವು ಪರದೆಗಳಿಗೆ ಹಂಚುವ ವಿಧಾನವನ್ನು ಮ್ಯಾಕ್ ತಂತ್ರಾಂಶ ಬೆಂಬಲಿಸುವುದಿಲ್ಲ. ಎಂ1 ಮತ್ತು ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್ ಹೊರಗಿನ ಒಂದೇ ಪರದೆಯನ್ನು ನಡೆಸುತ್ತದೆ. ಎಂ3 ಮಾದರಿ ಮುಚ್ಚಳ ಮುಚ್ಚಿದಾಗ ಎರಡನ್ನು, ಎಂ4 ಮಾದರಿ ಮುಚ್ಚಳ ತೆರೆದಿದ್ದಾಗಲೂ ಎರಡನ್ನು ನಡೆಸಬಲ್ಲದು. ಈ ಮಿತಿಯನ್ನು ದಾಟಲು ಡಿಸ್‌ಪ್ಲೇಲಿಂಕ್ ತಂತ್ರಜ್ಞಾನದ ಡಾಕ್‌ಗಳಿವೆ. ಅವುಗಳಿಗೆ ಪ್ರತ್ಯೇಕ ತಂತ್ರಾಂಶ ಅಳವಡಿಸಬೇಕು. ಕೃತಿಸ್ವಾಮ್ಯ ರಕ್ಷಣೆಯಿರುವ ಚಲನಚಿತ್ರಗಳು ಅವುಗಳಲ್ಲಿ ಮೂಡದಿರಬಹುದು.

ಉಪನ್ಯಾಸಕರು ಹಾಗೂ ವಿದ್ಯಾರ್ಥಿಗಳು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಎಷ್ಟೋ ಕಾಲೇಜು, ಸಭಾಂಗಣಗಳಲ್ಲಿ ಇಂದಿಗೂ ನೀಲಿ ತುದಿಯ ವಿಜಿಎ ಕೇಬಲ್‌ನ ಪ್ರೊಜೆಕ್ಟರ್‌ಗಳೇ ಇವೆ. ಅಂತಹ ಕಡೆ ಓಡಾಡುವವರಿಗೆ ಎಚ್‌ಡಿಎಂಐ ಜತೆ ವಿಜಿಎ ಕೂಡ ಇರುವ ಹಬ್ ಉಪಯುಕ್ತ.

ವೇಗದ ಹಂಚಿಕೆ

ಮಾಹಿತಿಯ ವೇಗದಲ್ಲಿ ಮೂರು ಮೆಟ್ಟಿಲುಗಳನ್ನು ತಿಳಿದಿದ್ದರೆ ಸಾಕು. ಯುಎಸ್‌ಬಿ 2.0 ಎಂದರೆ ಸೆಕೆಂಡಿಗೆ 480 ಮೆಗಾಬಿಟ್. ಯುಎಸ್‌ಬಿ 3 ವರ್ಗದ್ದು 5 ಅಥವಾ 10 ಗಿಗಾಬಿಟ್. ಥಂಡರ್‌ಬೋಲ್ಟ್ 3 ಮತ್ತು 4 ತಲಾ 40 ಗಿಗಾಬಿಟ್. ಯುಎಸ್‌ಬಿ 3.0, 3.1, 3.2 ಎಂಬ ಆವೃತ್ತಿಗಳ ಹೆಸರನ್ನು ಪದೇಪದೇ ಬದಲಿಸಿದ್ದರಿಂದ ಗೊಂದಲ ಹೆಚ್ಚಿದೆ. ಆದ್ದರಿಂದ ಆವೃತ್ತಿಯ ಹೆಸರಿಗಿಂತ '5 ಗಿಗಾಬಿಟ್', '10 ಗಿಗಾಬಿಟ್' ಎಂಬ ಅಂಕಿಯನ್ನೇ ನೋಡುವುದು ಕ್ಷೇಮ. ಥಂಡರ್‌ಬೋಲ್ಟ್ 3 ಡಾಕ್‌ಗಳಲ್ಲಿ ಹೆಚ್ಚಿನವು ಸಾಮಾನ್ಯ ಯುಎಸ್‌ಬಿ-ಸಿ ಪೋರ್ಟ್‌ಗೆ ಜೋಡಿಸಿದರೆ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ.

ನೆಟ್‌ವರ್ಕ್ ಕೇಬಲ್‌ಗೆ ಪೋರ್ಟ್ ಬೇಕಾದವರು ಅದು 'ಗಿಗಾಬಿಟ್' ಹೌದೇ ಎಂದು ಖಚಿತಪಡಿಸಿಕೊಳ್ಳಬೇಕು. ಅಗ್ಗದ ಹಬ್‌ಗಳಲ್ಲಿ 100 ಮೆಗಾಬಿಟ್‌ನ ಪೋರ್ಟ್ ಇರುವುದುಂಟು. ಮನೆಗೆ 200 ಅಥವಾ 300 ಮೆಗಾಬಿಟ್‌ನ ಫೈಬರ್ ಸಂಪರ್ಕ ಪಡೆದು ಮೂರನೇ ಒಂದು ಪಾಲನ್ನೋ ಅರ್ಧವನ್ನೋ ಬಳಸುವಂತಾಗುವುದು ಇದರಿಂದಲೇ.

ಇನ್ನೊಂದು ಸೂಕ್ಷ್ಮವಿದೆ. ಯುಎಸ್‌ಬಿ 3 ಸಾಧನಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗದ್ದಲವನ್ನು ಹೊರಸೂಸುತ್ತವೆ. ಇಂಟೆಲ್ ಸಂಸ್ಥೆ 2012ರಲ್ಲೇ ಇದನ್ನು ವಿವರಿಸಿದೆ. ತಂತಿರಹಿತ ಮೌಸ್‌ನ ಪುಟ್ಟ ರಿಸೀವರ್ ಬಳಸುವುದೂ ಇದೇ ತರಂಗಾಂತರವನ್ನು. ಹಬ್‌ನಲ್ಲಿ ಹಾರ್ಡ್‌ಡಿಸ್ಕ್ ಪಕ್ಕದಲ್ಲೇ ರಿಸೀವರ್ ಇದ್ದರೆ ಮೌಸ್ ತಡವರಿಸುತ್ತದೆ. ರಿಸೀವರನ್ನು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಜೋಡಿಸಿದರೆ ತೊಂದರೆ ತಗ್ಗುತ್ತದೆ.

ಟ್ಯಾಬ್ಲೆಟ್ ಬಳಸುವವರಿಗೆ

ಟ್ಯಾಬ್ಲೆಟ್‌ಗಳಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಆ್ಯಪಲ್‌ನ ಐಪ್ಯಾಡ್ ಪ್ರೊ 2018ರಲ್ಲಿ, ಸಾಮಾನ್ಯ ಐಪ್ಯಾಡ್ 2022ರಲ್ಲಿ ಟೈಪ್-ಸಿಗೆ ಬದಲಾದವು. ಅದಕ್ಕೂ ಹಿಂದಿನ ಮಾದರಿಗಳಿಗೆ ಟೈಪ್-ಸಿ ಹಬ್ ಹೊಂದುವುದಿಲ್ಲ. 2022ರ ಸಾಮಾನ್ಯ ಐಪ್ಯಾಡ್‌ನಲ್ಲಿ ಮಾಹಿತಿ ವೇಗ 480 ಮೆಗಾಬಿಟ್ ಮಾತ್ರವಾದ್ದರಿಂದ 10 ಗಿಗಾಬಿಟ್ ಹಬ್ ಕೊಂಡರೂ ಲಾಭವಿಲ್ಲ. ಸ್ಯಾಮ್‌ಸಂಗ್‌ನ ಎಸ್ ಸರಣಿಯ ಮೇಲ್ದರ್ಜೆಯ ಟ್ಯಾಬ್‌ಗಳು ಹೊರಗಿನ ಪರದೆಗೆ ಚಿತ್ರ ಕಳುಹಿಸುತ್ತವೆ. ಕಡಿಮೆ ಬೆಲೆಯ ಅನೇಕ ಆಂಡ್ರಾಯ್ಡ್ ಟ್ಯಾಬ್‌ಗಳಿಗೆ ಆ ಶಕ್ತಿ ಇಲ್ಲ. ಅವುಗಳಿಗೆ ಕೀಲಿಮಣೆ, ಪೆನ್‌ಡ್ರೈವ್ ಜೋಡಿಸುವ ಸಾದಾ ಹಬ್ ಸಾಕು. ವಿಂಡೋಸ್‌ನ ಎನ್‌ಟಿಎಫ್‌ಎಸ್ ವಿನ್ಯಾಸದ ಡಿಸ್ಕ್‌ಗೆ ಐಪ್ಯಾಡ್ ಬರೆಯಲಾರದು. ಎರಡೂ ಕಡೆ ಬಳಸುವ ಡಿಸ್ಕನ್ನು ಎಕ್ಸ್‌ಫ್ಯಾಟ್ ವಿನ್ಯಾಸಕ್ಕೆ ಬದಲಿಸಿಕೊಳ್ಳಬೇಕು. ಹಾಗೆ ಬದಲಿಸುವಾಗ ಅದರಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಮೊದಲೇ ಬೇರೆಡೆ ನಕಲು ಮಾಡಿಟ್ಟುಕೊಳ್ಳುವುದು ಅವಶ್ಯ.

ಕಚೇರಿಯ ಯಂತ್ರವಾದರೆ

ಬೈಯಪ್ಪನಹಳ್ಳಿ, ಸಿ.ವಿ. ರಾಮನ್ ನಗರ, ವೈಟ್‌ಫೀಲ್ಡ್ ಭಾಗದ ಕಚೇರಿಗಳಲ್ಲಿ ದುಡಿಯುವ ಅನೇಕರ ಕೈಯಲ್ಲಿರುವ ಲ್ಯಾಪ್‌ಟಾಪ್ ಸಂಸ್ಥೆಗೆ ಸೇರಿದ್ದು. ಹಲವು ಸಂಸ್ಥೆಗಳು ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಬಳಕೆಯನ್ನು ತಂತ್ರಾಂಶದ ಮೂಲಕವೇ ತಡೆದಿರುತ್ತವೆ. ಹಬ್‌ನ ನೆಟ್‌ವರ್ಕ್ ಪೋರ್ಟ್ ತನ್ನದೇ ಪ್ರತ್ಯೇಕ ಗುರುತಿನ ಸಂಖ್ಯೆ ಹೊಂದಿರುವುದರಿಂದ ಕಚೇರಿಯ ಜಾಲ ಅದನ್ನು ಅಪರಿಚಿತ ಯಂತ್ರವೆಂದು ತಿರಸ್ಕರಿಸಲೂಬಹುದು. ಡಿಸ್‌ಪ್ಲೇಲಿಂಕ್ ತಂತ್ರಾಂಶ ಅಳವಡಿಸಲು ಅನುಮತಿ ಬೇಕಾಗುತ್ತದೆ. ಸ್ವಂತ ಹಣ ತೆರುವ ಮುನ್ನ ಸಂಸ್ಥೆಯ ಐಟಿ ವಿಭಾಗವನ್ನು ವಿಚಾರಿಸುವುದು ವಿವೇಕ. ಕೆಲವೆಡೆ ಸಂಸ್ಥೆಯೇ ಡಾಕ್ ಒದಗಿಸುತ್ತದೆ.

ಹಬ್‌ನ ಒಳಗಿರುವುದು ಬರಿಯ ತಂತಿಗಳ ಗಂಟಲ್ಲ. ಮಾಹಿತಿ ಹಂಚುವ ಚಿಪ್, ವಿದ್ಯುತ್ ನಿಯಂತ್ರಿಸುವ ಚಿಪ್, ಚಿತ್ರಸಂಕೇತ ಬದಲಿಸುವ ಚಿಪ್ ಎಲ್ಲವೂ ಅದರಲ್ಲಿವೆ. 1985ರಲ್ಲಿ ಬೆಂಗಳೂರಿಗೆ ಬಂದು, ಇಂದು ಸಿ.ವಿ. ರಾಮನ್ ನಗರದ ಬಾಗ್ಮನೆ ಟೆಕ್ ಪಾರ್ಕ್‌ನಲ್ಲಿ ನೆಲೆಸಿರುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಟೈಪ್-ಸಿ ವಿದ್ಯುತ್ ನಿಯಂತ್ರಕ ಚಿಪ್‌ಗಳನ್ನು ತಯಾರಿಸುವ ಕಂಪನಿಗಳಲ್ಲೊಂದು. ಇಷ್ಟೆಲ್ಲ ಚಿಪ್‌ಗಳು ಒಂದು ಪುಟ್ಟ ಪೆಟ್ಟಿಗೆಯಲ್ಲಿ ದುಡಿಯುವುದರಿಂದ ಹಬ್ ಬಿಸಿಯಾಗುವುದು ಸಹಜ. ಅಲ್ಯೂಮಿನಿಯಂ ಕವಚ ಶಾಖವನ್ನು ಬೇಗ ಹೊರಹಾಕುತ್ತದೆ. ಕೈ ಇಡಲಾಗದಷ್ಟು ಕಾದರೆ, ಸುಟ್ಟ ವಾಸನೆ ಬಂದರೆ ತಕ್ಷಣ ಕಳಚಬೇಕು. ಹಾಸಿಗೆ, ದಿಂಬಿನ ಮೇಲಿಟ್ಟು ಬಳಸುವುದು ಸಲ್ಲದು.

ಅಂಗಡಿಯಲ್ಲಿ ಗಮನಿಸಬೇಕಾದವು

ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಂದ ಹಿಡಿದು ಅಂತರ್ಜಾಲದ ಮಳಿಗೆಗಳವರೆಗೆ ಹಬ್‌ಗಳಿಗೆ ಕೊರತೆಯಿಲ್ಲ. ಅಂಗಡಿಗೆ ಹೋಗುವವರು ತಮ್ಮ ಲ್ಯಾಪ್‌ಟಾಪ್, ಚಾರ್ಜರ್ ಎರಡನ್ನೂ ಒಯ್ದು ಅಲ್ಲೇ ಜೋಡಿಸಿ ನೋಡುವುದು ಉತ್ತಮ. ಅಂತರ್ಜಾಲದಲ್ಲಿ ಕೊಳ್ಳುವವರು ಹಿಂತಿರುಗಿಸುವ ಅವಧಿಯನ್ನು ಮೊದಲೇ ಓದಿಕೊಂಡು, ಆ ಅವಧಿಯೊಳಗೆ ಎಲ್ಲ ಪೋರ್ಟ್‌ಗಳನ್ನೂ ಪರೀಕ್ಷಿಸಬೇಕು. ಇನ್ನಿತರ ಅಂಶಗಳು ಹೀಗಿವೆ:

* ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ಆಮದುದಾರರ ಹೆಸರು ಹಾಗೂ ವಿಳಾಸ, ಉತ್ಪಾದನೆಯ ದೇಶ ನಮೂದಾಗಿರಬೇಕು. ಇವು ಇಲ್ಲದ ವಸ್ತು ಕೆಟ್ಟರೆ ಕೇಳುವವರೇ ಇರುವುದಿಲ್ಲ.
* ಜಿಎಸ್‌ಟಿ ಸಹಿತ ರಸೀದಿ ಪಡೆಯಬೇಕು. ವಾರಂಟಿಗೆ ಅದೇ ಆಧಾರ.
* ಜತೆಗೆ ವಿದ್ಯುತ್ ಅಡಾಪ್ಟರ್ ಕೊಂಡರೆ ಅದರ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತು ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಸಂಸ್ಥೆಯ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ತಾಳೆ ನೋಡಬಹುದು.
* ಹಬ್‌ನ ಸ್ವಂತ ಕೇಬಲ್ ಬೇಗ ಸವೆಯುವ ಭಾಗ. ಕೇಬಲ್ ಕಳಚಿ ಬದಲಿಸುವಂತಿದ್ದರೆ ಹಬ್‌ನ ಆಯುಷ್ಯ ಹೆಚ್ಚು.
* ಲ್ಯಾಪ್‌ಟಾಪಿನ ಅಂಚಿಗೆ ನೇರವಾಗಿ ಅಂಟಿಕೊಳ್ಳುವ, ಕೇಬಲ್ ಇಲ್ಲದ ಹಬ್‌ಗಳಿಗೆ ಪೆಟ್ಟು ತಗುಲಿದರೆ ಲ್ಯಾಪ್‌ಟಾಪಿನ ಪೋರ್ಟೇ ಮುರಿಯುವ ಅಪಾಯವಿದೆ.

ವಸ್ತು ಹೇಳಿದಂತೆ ಕೆಲಸ ಮಾಡದೆ, ಮಾರಾಟಗಾರರು ಬದಲಿಸಿ ಕೊಡಲೂ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಅಂತರ್ಜಾಲದ ಖರೀದಿಗೂ ಈ ರಕ್ಷಣೆ ಇದೆ.

ಯಾರಿಗೆ ಯಾವುದು?

ಮೌಸ್, ಕೀಲಿಮಣೆ, ಪೆನ್‌ಡ್ರೈವ್ ಮಾತ್ರ ಜೋಡಿಸುವ ವಿದ್ಯಾರ್ಥಿಗೆ ನಾಲ್ಕು ಪೋರ್ಟ್‌ಗಳ ಸಾದಾ ಹಬ್ ಸಾಕು. ಸಾವಿರ ರೂಪಾಯಿಯ ಒಳಗೆ ಸಿಗುತ್ತದೆ. ವಾರಕ್ಕೆ ಕೆಲ ದಿನ ಮನೆಯಿಂದ ಕೆಲಸ ಮಾಡುತ್ತ ಒಂದು ಪರದೆ, ಒಂದು ನೆಟ್‌ವರ್ಕ್ ಕೇಬಲ್ ಬಳಸುವವರಿಗೆ ಎಚ್‌ಡಿಎಂಐ, ಗಿಗಾಬಿಟ್ ಪೋರ್ಟ್, ಪವರ್ ಡೆಲಿವರಿ ಮೂರೂ ಇರುವ ಹಬ್ ಸೂಕ್ತ. ಎರಡರಿಂದ ನಾಲ್ಕು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಳ್ಳೆಯದು ದೊರೆಯುತ್ತದೆ. ಎರಡು 4ಕೆ ಪರದೆ, ವೇಗದ ಡಿಸ್ಕ್‌ಗಳನ್ನು ಇಟ್ಟುಕೊಂಡು ದಿನವಿಡೀ ವಿಡಿಯೋ ಅಥವಾ ವಿನ್ಯಾಸದ ಕೆಲಸ ಮಾಡುವವರಿಗೆ ಮಾತ್ರ ಥಂಡರ್‌ಬೋಲ್ಟ್ ಡಾಕ್‌ನ ದೊಡ್ಡ ವೆಚ್ಚ ಸಮರ್ಥನೀಯ. ಲ್ಯಾಪ್‌ಟಾಪಿನಲ್ಲಿ ಈಗಾಗಲೇ ಎಚ್‌ಡಿಎಂಐ ಪೋರ್ಟ್ ಇದ್ದವರು ಅದನ್ನೇ ಬಳಸಿಕೊಂಡರೆ ಹಬ್‌ನ ವೆಚ್ಚ ಅರ್ಧಕ್ಕೆ ಇಳಿದೀತು.

ಕೆಟ್ಟುಹೋದ ಹಬ್ ಹಾಗೂ ಕೇಬಲ್‌ಗಳನ್ನು ಮನೆಯ ಕಸದೊಂದಿಗೆ ಬೆರೆಸದೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೂ ಮರುಬಳಕೆಯ ಹೊಣೆ ಹೊರಿಸಿವೆ.

ಪೋರ್ಟ್‌ಗಳ ಸಂಖ್ಯೆ ನೋಡಿ ಹಬ್ ಆರಿಸುವುದು ಬೋಗಿಗಳ ಸಂಖ್ಯೆ ನೋಡಿ ರೈಲು ಹತ್ತಿದಂತೆ. ರೈಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ, ಚಾರ್ಜರ್‌ನ ವ್ಯಾಟ್, ಪರದೆಯ ವಿವರ ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೊರಟ ಗ್ರಾಹಕ ಸಾಮಾನ್ಯವಾಗಿ ಎರಡನೇ ಹಬ್ ಕೊಳ್ಳಬೇಕಾಗಿ ಬರುವುದಿಲ್ಲ.